ಲೋಹಶೋಧಕ ಯಂತ್ರವೂ ನೆಲದ ಕಾನೂನೂ

ನೆಲದಲ್ಲಿ ಹೂತಿಟ್ಟ ಹೊನ್ನಿನ ಮೇಲೆ ಮನುಷ್ಯನಿಗಿರುವ ಆಸೆ ಬಹು ಪುರಾತನವಾದುದು. ಆ ಹೊನ್ನು ಯಾರಿಗೆ ಸೇರತಕ್ಕದ್ದೆಂಬ ಪ್ರಶ್ನೆಯೂ ಅಷ್ಟೇ ಹಳೆಯದು. ನಮ್ಮ ನಾಡಿನ ದಾನಶಾಸನಗಳು ಭೂಮಿಯೊಡನೆ ಕೊಡುತ್ತಿದ್ದ ಅಷ್ಟಭೋಗಗಳನ್ನು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಎಣಿಸುತ್ತವೆ. ಮೊದಲಿನ ಎರಡು ಹೆಸರುಗಳು ನೆಲದೊಳಗೆ ಅಡಗಿದ ಸಂಪತ್ತಿಗೆ ಸಂಬಂಧಿಸಿದವು. ಅಗೆದವನಿಗೆ ಸಿಕ್ಕಿದ್ದೆಲ್ಲವೂ ಅವನದೇ ಎಂಬ ನಿಯಮವು ಹಿಂದೆಯೂ ಇರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ರೈಲು ನಿಲ್ದಾಣದಲ್ಲಿಯೂ ದೊಡ್ಡ ದೇವಾಲಯಗಳ ಬಾಗಿಲಿನಲ್ಲಿಯೂ ನಾವು ದಿನವೂ ಕಾಣುವ ಮೆಟಲ್ ಡಿಟೆಕ್ಟರ್, ಅಂದರೆ ಲೋಹಶೋಧಕ ಯಂತ್ರ, ಇಂದು ಕೈಯಲ್ಲಿ ಹಿಡಿದು ನೆಲವನ್ನು ಪರೀಕ್ಷಿಸಬಲ್ಲ ರೂಪದಲ್ಲಿ ಮಾರಾಟಕ್ಕೆ ದೊರೆಯುತ್ತದೆ. ಇದನ್ನು ಹಿಡಿದುಕೊಂಡು ಊರಿನ ಉದ್ಯಾನಕ್ಕೋ ಹೊಳೆಯ ದಂಡೆಗೋ ಕಡಲ ತೀರಕ್ಕೋ ಹೋಗಿ ಹುಡುಕಬಹುದೇ? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಂತಹ ಪುರಾತನ ನೆಲೆಗಳಲ್ಲಿ ಈ ಪ್ರಶ್ನೆಗೆ ವಿಶೇಷವಾದ ಮಹತ್ವವುಂಟು.

ಮೊದಲು ಯಂತ್ರದ ಕೆಲಸವನ್ನು ತಿಳಿಯೋಣ. ಅದರ ತಳದಲ್ಲಿ ತಂತಿಯ ಸುರುಳಿಯೊಂದಿದೆ. ಅದರಲ್ಲಿ ಹಿಂದಕ್ಕೂ ಮುಂದಕ್ಕೂ ಬದಲಾಗುವ ವಿದ್ಯುತ್ತು ಹರಿದಾಗ ಸುತ್ತಲೂ ಬದಲಾಗುತ್ತಲೇ ಇರುವ ಕಾಂತಕ್ಷೇತ್ರವು ಹುಟ್ಟುತ್ತದೆ. ಈ ಕ್ಷೇತ್ರದೊಳಗೆ ಲೋಹದ ತುಂಡೊಂದು ಬಂದರೆ ಅದರಲ್ಲಿ ಸುಳಿಯಂತೆ ಸುತ್ತುವ ಸಣ್ಣ ವಿದ್ಯುತ್ಪ್ರವಾಹಗಳು ಏಳುತ್ತವೆ. ಅವು ತಮ್ಮದೇ ಆದ ಕಾಂತಕ್ಷೇತ್ರವನ್ನು ಉಂಟುಮಾಡುತ್ತವೆ. ಯಂತ್ರವು ಆ ಮಾರ್ಪಾಟನ್ನು ಗ್ರಹಿಸಿ ಸದ್ದು ಮಾಡುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್‌ಕಾಂತೀಯ ಪ್ರೇರಣೆಯೇ ಇದರ ಮೂಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡರ ದೇಹದೊಳಗಿದ್ದ ಗುಂಡನ್ನು ಹುಡುಕಲು ಟೆಲಿಫೋನಿನ ಜನಕ ಗ್ರಹಾಂ ಬೆಲ್ಲರು ಇಂತಹುದೇ ಯಂತ್ರವನ್ನು ಬಳಸಿದರು. ಆದರೆ ಗುಂಡು ಸಿಕ್ಕಲಿಲ್ಲ. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳೇ ಯಂತ್ರವನ್ನು ದಾರಿ ತಪ್ಪಿಸಿದುವೆಂದು ಹೇಳುತ್ತಾರೆ.

ನಮ್ಮ ಕರಾವಳಿಯ ನೆಲವೂ ಈ ಯಂತ್ರವನ್ನು ದಾರಿ ತಪ್ಪಿಸಬಲ್ಲದು. ಇಲ್ಲಿನ ಮುರಕಲ್ಲು ಕೆಂಪಾಗಿರುವುದು ಅದರಲ್ಲಿರುವ ಕಬ್ಬಿಣದ ಆಕ್ಸೈಡುಗಳಿಂದ. ಇಂತಹ ನೆಲದಲ್ಲಿ ಏನೂ ಇಲ್ಲದೆಡೆಯೂ ಯಂತ್ರವು ಕೂಗುವುದುಂಟು. ಕಡಲ ತೀರದ ಹಸಿ ಮರಳಿನಲ್ಲಿ ಉಪ್ಪುನೀರು ವಿದ್ಯುತ್ತನ್ನು ಹರಿಯಬಿಡುವುದರಿಂದ ಅಲ್ಲಿಯೂ ಇದೇ ತೊಡಕು. ಮೇಲಾಗಿ, ಸಣ್ಣ ನಾಣ್ಯವು ಸಾಮಾನ್ಯವಾಗಿ ಒಂದು ಗೇಣಿನ ಆಸುಪಾಸಿನ ಆಳದಲ್ಲಿದ್ದರೆ ಮಾತ್ರ ಗೊತ್ತಾಗುತ್ತದೆ. ಸೋಡಾ ಸೀಸೆಯ ಮುಚ್ಚಳಕ್ಕೂ ಅರಸರ ಕಾಲದ ನಾಣ್ಯಕ್ಕೂ ಇರುವ ವಯಸ್ಸಿನ ಅಂತರವನ್ನು ಯಂತ್ರವು ಅರಿಯದು.

ಇದಕ್ಕಿಂತ ದೊಡ್ಡ ಕೊರತೆ ಬೇರೊಂದಿದೆ. ಮೂಡುಬಿದಿರೆಯ ಬಳಿಯ ಮೂಡುಕೊಣಾಜೆಯಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳಿವೆ. ಚಪ್ಪಡಿಕಲ್ಲುಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಇವುಗಳನ್ನು ವಿದ್ವಾಂಸರು ಡಾಲ್ಮೆನ್ ಎನ್ನುತ್ತಾರೆ. ಬಹುಪಾಲು ಸಮಾಧಿಗಳು ಹಾಳಾಗಿವೆ. 2023ರಲ್ಲಿ ಇಲ್ಲಿ ಸುಟ್ಟ ಮಣ್ಣಿನ ಗೊಂಬೆಗಳು ದೊರೆತುದನ್ನು ಪುರಾತತ್ತ್ವಜ್ಞ ಪ್ರೊ. ಟಿ. ಮುರುಗೇಶಿಯವರು ಪ್ರಕಟಿಸಿದರು. ಗೂಳಿ, ನವಿಲು ಮೊದಲಾದ ಆಕೃತಿಗಳು ಅವುಗಳಲ್ಲಿವೆ. ಕ್ರಿಸ್ತಪೂರ್ವ 800-700ರ ಕಾಲದವೆಂದು ಅಂದಾಜು. ಈ ಗೊಂಬೆಗಳ ಮೇಲೆ ಲೋಹಶೋಧಕವನ್ನು ಎಷ್ಟು ಸಲ ಆಡಿಸಿದರೂ ಅದು ಮೌನವಾಗಿಯೇ ಇದ್ದೀತು, ಮಣ್ಣು ಲೋಹವಲ್ಲವಷ್ಟೆ. ಪಕ್ಕದಲ್ಲೊಂದು ಕಬ್ಬಿಣದ ಮೊಳೆಯಿದ್ದು ಯಂತ್ರವು ಕೂಗಿದರೆ, ಆ ಮೊಳೆಗಾಗಿ ಹಾಕಿದ ಗುದ್ದಲಿಯ ಏಟಿಗೆ ಎರಡೂವರೆ ಸಾವಿರ ವರ್ಷ ಉಳಿದು ಬಂದ ಗೊಂಬೆ ಪುಡಿಯಾಗುವುದು.

ಕಾನೂನಿನ ಉದ್ದೇಶವು ಇಲ್ಲಿ ಸ್ಪಷ್ಟವಾಗುತ್ತದೆ. ಪುರಾತತ್ತ್ವಜ್ಞರಿಗೆ ವಸ್ತುವಿಗಿಂತಲೂ ಅದು ಬಿದ್ದಿದ್ದ ಜಾಗವು ಮುಖ್ಯ. ಯಾವ ಪದರದಲ್ಲಿ, ಯಾವ ಮಡಕೆಯ ಚೂರಿನ ಜೊತೆಗೆ, ಎಷ್ಟು ಆಳದಲ್ಲಿ ಒಂದು ನಾಣ್ಯವಿತ್ತೆಂಬುದು ತಿಳಿದರೆ ಆ ಪದರದ ಕಾಲವನ್ನು ನಿರ್ಣಯಿಸಬಹುದು. ಕಿತ್ತು ಜೇಬಿಗೆ ಹಾಕಿಕೊಂಡ ನಾಣ್ಯದಿಂದ ಈ ಸಂಗತಿಯು ತಿಳಿಯದು.

ಆದುದರಿಂದ ಅನುಮತಿಯೆಂಬುದನ್ನು ಮೂರು ಬೇರೆ ಬೇರೆ ಪ್ರಶ್ನೆಗಳಾಗಿ ವಿಂಗಡಿಸಿಕೊಳ್ಳುವುದು ಒಳ್ಳೆಯದು: ಅಲ್ಲಿಗೆ ಹೋಗಬಹುದೇ? ಅಲ್ಲಿ ಅಗೆಯಬಹುದೇ? ಸಿಕ್ಕಿದ್ದು ಯಾರದು? ಒಂದಕ್ಕೆ ದೊರೆತ ಒಪ್ಪಿಗೆಯು ಇನ್ನೊಂದಕ್ಕೆ ಸಲ್ಲದು.

ಮೂಡುಬಿದಿರೆಯ ಕಡಲಕೆರೆ ನಿಸರ್ಗಧಾಮದಂತಹ ಸಾರ್ವಜನಿಕ ಸ್ಥಳಕ್ಕೆ ಯಾರು ಬೇಕಾದರೂ ಹೋಗಬಹುದು. ಆದರೆ ಅಲ್ಲಿನ ಹುಲ್ಲು ಕೀಳಲು, ಗುಂಡಿ ತೋಡಲು ಅದನ್ನು ನೋಡಿಕೊಳ್ಳುವ ಸಂಸ್ಥೆಯ ಲಿಖಿತ ಒಪ್ಪಿಗೆ ಬೇಕು. ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲೆ 1794ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಜಮಾಲಾಬಾದ್ ಕೋಟೆಯಿದೆ. ಇದು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿರುವುದರಿಂದ ಹತ್ತುವುದಕ್ಕೇ ಅರಣ್ಯ ಇಲಾಖೆಯ ಅನುಮತಿ ಬೇಕು. ಅಗೆಯುವ ಮಾತೇ ಇಲ್ಲ. 1430ರ ಸಾವಿರ ಕಂಬದ ಬಸದಿಯೇ ಮೊದಲಾದ ಪೂಜಾಸ್ಥಾನಗಳ ಆವರಣಕ್ಕೂ ಒಡೆಯರಿದ್ದಾರೆ. ಅವರು ಒಪ್ಪಿದರೂ ಸ್ಮಾರಕಗಳ ಕಾನೂನನ್ನು ಮೀರುವಂತಿಲ್ಲ. ಕೇಂದ್ರದ 1958ರ ಶಾಸನ, ರಾಜ್ಯದ 1961ರ ಶಾಸನ, ಇವೆರಡೂ ರಕ್ಷಿತ ಸ್ಥಳಗಳಲ್ಲಿ ಅಪ್ಪಣೆಯಿಲ್ಲದ ಉತ್ಖನನವನ್ನು ನಿಷೇಧಿಸಿವೆ. ಕೇಂದ್ರ ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವನಿಗೆ 2010ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಒದಗಬಹುದು. ಇಂಗ್ಲೆಂಡಿನಲ್ಲಿ 1979ರ ಶಾಸನವು ರಕ್ಷಿತ ಸ್ಥಳಗಳಲ್ಲಿ ಅಪ್ಪಣೆಯಿಲ್ಲದೆ ಲೋಹಶೋಧಕವನ್ನು ಬಳಸುವುದನ್ನೇ ಅಪರಾಧವೆಂದು ಸಾರಿತು.

ಈ ಮೂರು ಊರುಗಳಿಗೆ ಕಡಲಿಲ್ಲ. ಬಂಟ್ವಾಳಕ್ಕೆ ನೇತ್ರಾವತಿಯ ದಂಡೆಯುಂಟು, ಪಣಂಬೂರು ಸೋಮೇಶ್ವರಗಳ ತೀರ ದೂರವೇನಲ್ಲ. ಹೊಳೆಯ ದಂಡೆಯಾಗಲಿ ಕಡಲ ತೀರವಾಗಲಿ ಒಡೆಯನಿಲ್ಲದ ಭೂಮಿಯಲ್ಲ. ತೀರದಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮಗಳೂ ಅನ್ವಯಿಸುತ್ತವೆ. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡುವ ಮರಳನ್ನು ಕೆದಕುವುದಂತೂ ವನ್ಯಜೀವಿ ಕಾನೂನಿನ ಪ್ರಕಾರ ದೊಡ್ಡ ಅಪರಾಧವಾದೀತು.

ಇನ್ನು ಮೂರನೆಯ ಪ್ರಶ್ನೆ. ದಕ್ಷಿಣ ಕನ್ನಡವು ಮದರಾಸಿಗೆ ಸೇರಿದ್ದ ಕಾಲದಲ್ಲಿ 1878ರ ನಿಕ್ಷೇಪ ಕಾನೂನು ಇಲ್ಲಿ ನಡೆಯುತ್ತಿತ್ತು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಕ್ಷೇಪ ಸಿಕ್ಕಿದವನು ಏನು, ಎಲ್ಲಿ, ಎಂದು ದೊರೆಯಿತೆಂಬುದನ್ನು ಕಲೆಕ್ಟರರಿಗೆ ಬರೆದು ತಿಳಿಸಬೇಕಿತ್ತು. ರಾಜ್ಯಗಳ ಏಕೀಕರಣದ ತರುವಾಯ 1962ರಲ್ಲಿ ನಮ್ಮ ರಾಜ್ಯವು ತನ್ನದೇ ಕಾನೂನನ್ನು ಮಾಡಿಕೊಂಡಿತು. ಎರಡರ ತಿರುಳೂ ಒಂದೇ: ಸಿಕ್ಕಿದ್ದನ್ನು ತಿಳಿಸಬೇಕು, ಮುಚ್ಚಿಡುವುದು ಅಪರಾಧ. 1972ರ ಪುರಾತನ ವಸ್ತುಗಳ ಶಾಸನದಂತೆ, ನೂರು ವರ್ಷಕ್ಕೆ ಮೇಲ್ಪಟ್ಟ ಇಂತಹ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಪರವಾನಗಿಯಿಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ನಿನ್ನೆ ಮೊನ್ನೆ ಯಾರೋ ಕಳೆದುಕೊಂಡ ಉಂಗುರವು ಸಿಕ್ಕಿದರೂ ಪೊಲೀಸರಿಗೆ ಒಪ್ಪಿಸುವುದೇ ಸರಿ. ಅಪ್ರಾಮಾಣಿಕತೆಯಿಂದ ಅದನ್ನು ಇಟ್ಟುಕೊಂಡರೆ ದಂಡಸಂಹಿತೆಯ ಪ್ರಕಾರ ಅಪರಾಧವಾಗುತ್ತದೆ.

ತೋಟಕ್ಕೆ ಗುಂಡಿ ತೋಡುವಾಗಲೋ ಬಾವಿ ತೆಗೆಯುವಾಗಲೋ ಹಳೆಯ ವಸ್ತುವೊಂದು ತಾನಾಗಿ ಕಾಣಿಸಿಕೊಂಡರೆ ವಾಚಕರು ಮಾಡಬೇಕಾದುದು ಇಷ್ಟೆ. ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ. ಜಾಗವನ್ನು ಗುರುತಿಸಿ, ಆಳವನ್ನು ಬರೆದಿಡಿ. ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗಳಿಗೆ ತಿಳಿಸಿ. ತಾಮ್ರದ ನಾಣ್ಯವನ್ನೋ ತಾಮ್ರಪಟವನ್ನೋ ಹುಣಸೆಹುಳಿ ಹಾಕಿ ತಿಕ್ಕಿ ಬೆಳಗಬೇಡಿ. ಆ ಹುಳಿಯು ಕಿಲುಬಿನೊಡನೆ ಅಕ್ಷರವನ್ನೂ ತಿಂದುಹಾಕಬಹುದು. ಬೆಳ್ಮಣ್ಣಿನಲ್ಲಿ ದೊರೆತ ಎಂಟನೆಯ ಶತಮಾನದ ಆಳುಪರ ತಾಮ್ರಶಾಸನವು ಕನ್ನಡ ತಾಮ್ರಪಟಗಳಲ್ಲಿಯೇ ಅತಿ ಪ್ರಾಚೀನವೆಂದು ಹೆಸರಾಗಿದೆ. ಲೋಹವಾಗಿ ತೂಗಿದರೆ ಅದರ ಬೆಲೆ ಅತ್ಯಲ್ಪ. ಅದರ ಮೇಲಿನ ಬರಹವು ಉಳಿದುದರಿಂದಲೇ ತುಳುನಾಡಿನ ಚರಿತ್ರೆಯ ಒಂದು ಅಧ್ಯಾಯವು ನಮಗೆ ತಿಳಿಯಿತು.