ಪ್ರಾಜೆಕ್ಟ್ ಫೈಲ್ ಉಳಿದರೆ ಸಾಲದು

ಸಂಕಲನಗೊಂಡ ಮದುವೆಯ ವಿಡಿಯೋದಲ್ಲಿ ಧಾರೆಯ ದೃಶ್ಯವನ್ನು ಇನ್ನಷ್ಟು ಸೇರಿಸಬೇಕೆಂದು ಮನೆಯವರು ಮರಳಿ ಬರುತ್ತಾರೆ. ಸಂಕಲನಕಾರ ಪ್ರಾಜೆಕ್ಟ್ ಫೈಲ್ ತೆರೆದರೆ ಪರದೆಯ ಮೇಲೆ 'ಮೀಡಿಯಾ ಆಫ್‌ಲೈನ್' ಎಂಬ ಕೆಂಪು ಫಲಕ. ಜಾಗ ಸಾಲದೆಂದು ಮೂಲ ದೃಶ್ಯಗಳನ್ನು ಅಳಿಸಿದ್ದರ ಫಲವಿದು.

ಅಡೋಬಿ ಪ್ರೀಮಿಯರ್ ಪ್ರೊ ತಂತ್ರಾಂಶದ ಪ್ರಾಜೆಕ್ಟ್ ಫೈಲಿನಲ್ಲಿ ದೃಶ್ಯಗಳು ಇರುವುದಿಲ್ಲ. ಯಾವ ಫೈಲ್ ಎಲ್ಲಿದೆ, ಅದರ ಯಾವ ಭಾಗ ಬಳಕೆಯಾಗಿದೆ ಎಂಬ ವಿವರ ಮಾತ್ರ ಅಲ್ಲಿರುತ್ತದೆ. ಗ್ರಂಥಾಲಯದ ಸೂಚಿಯಿಂದ ಪುಸ್ತಕದ ಜಾಗ ತಿಳಿದೀತು, ಪುಸ್ತಕ ದೊರೆಯದು. ಫೋಲ್ಡರಿನ ಹೆಸರು ಅಥವಾ ಸ್ಥಳ ಬದಲಾಗಿದ್ದರೆ 'ಲಿಂಕ್ ಮೀಡಿಯಾ' ಆಯ್ಕೆಯಿಂದ ಹೊಸ ಜಾಗವನ್ನು ತೋರಿಸಬಹುದು; ಅಳಿದಿದ್ದರೆ ಪರಿಹಾರವಿಲ್ಲ.

ಆಪಲ್ ಸಂಸ್ಥೆಯ ಫೈನಲ್ ಕಟ್ ಪ್ರೊದಲ್ಲಿ 2013ರಲ್ಲಿ 'ಲೈಬ್ರರಿ' ವ್ಯವಸ್ಥೆ ಬಂದಿತು. ದೃಶ್ಯಗಳನ್ನು ಲೈಬ್ರರಿಯೊಳಕ್ಕೆ ನಕಲಿಸಬಹುದು, ಇದ್ದಲ್ಲಿಯೇ ಬಿಡಲೂಬಹುದು. ಆಮದಿನ ವೇಳೆ ಯಾವುದನ್ನು ಆರಿಸಲಾಯಿತೆಂಬುದು ನೆನಪಿನಲ್ಲಿರಬೇಕು.

ಸೆಕೆಂಡಿಗೆ 100 ಮೆಗಾಬಿಟ್ ವೇಗದ ಚಿತ್ರೀಕರಣಕ್ಕೆ ಗಂಟೆಗೆ ಸುಮಾರು 45 ಗಿಗಾಬೈಟ್ ಜಾಗ ಬೇಕು. ಸಾಧಾರಣ ಗಣಕಕ್ಕೆ ಇದು ಭಾರವಾದಾಗ ಹಗುರವಾದ 'ಪ್ರಾಕ್ಸಿ' ಪ್ರತಿಗಳ ಮೇಲೆ ಸಂಕಲನ ನಡೆಸಿ, ಅಂತಿಮ ವಿಡಿಯೋವನ್ನು ಮೂಲದಿಂದ ಹೊರತೆಗೆಯಲಾಗುತ್ತದೆ. ಜಾಗ ತೆರವುಗೊಳಿಸುವುದಾದರೆ ಅಳಿಸಬೇಕಾದುದು ಪ್ರಾಕ್ಸಿಗಳನ್ನು. ಮೂಲವಿದ್ದರೆ ಅವುಗಳನ್ನು ಮತ್ತೆ ಸಿದ್ಧಪಡಿಸಬಹುದು.

ಆದ್ದರಿಂದ ಕ್ಯಾಮೆರಾದ ಕಾರ್ಡನ್ನು ಖಾಲಿ ಮಾಡುವ ಮುನ್ನವೇ ಮೂಲ ದೃಶ್ಯಗಳನ್ನು ಎರಡು ಪ್ರತ್ಯೇಕ ಹಾರ್ಡ್‌ಡಿಸ್ಕ್‌ಗಳಿಗೆ ನಕಲಿಸುವುದು, ಎರಡನ್ನೂ ತೆರೆದು ಪರೀಕ್ಷಿಸುವುದು, ಒಂದನ್ನು ಬೇರೆ ಕಟ್ಟಡದಲ್ಲಿ ಇಡುವುದು ಕ್ಷೇಮ. ಡಿಸ್ಕ್ ಮತ್ತೆ ಕೊಳ್ಳಬಹುದು, ಧಾರೆಯ ಮುಹೂರ್ತ ಮತ್ತೆ ಬಾರದು.