ಉಸಿರು ಮರಳಿತು, ಕಾಲು ಮರಳಲಿಲ್ಲ!

ಎರಡು ವರ್ಷ ಓಟವನ್ನೇ ಮರೆತಿದ್ದ ನಾನು 46ನೆಯ ವಯಸ್ಸಿನಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯ ದಾರಿಯಲ್ಲಿ ಮತ್ತೆ ಓಡಲು ಹೊರಟೆ. ಅರ್ಧ ಕಿಲೋಮೀಟರಿಗೇ ಏದುಸಿರು! ಸೋತು ಸೈಕಲ್ ಹಿಡಿದೆ. ಗುಡ್ಡದ ಗಾಳಿಯಂತ್ರಗಳು ಯಾವ ದಿಕ್ಕಿಗೆ ಮುಖ ಮಾಡಿವೆಯೆಂದು ನೋಡಿಕೊಂಡೇ ಹೊರಡುವುದು. ಎದುರುಗಾಳಿಯ ಸುಳಿವು ಅಲ್ಲಿಯೇ ಸಿಗುತ್ತದೆ. ಮೊದಲು ಹೊಳಲ್ಕೆರೆಯ ರಸ್ತೆ, ಆಮೇಲೆ ಸುಮಾರು 40 ಕಿಲೋಮೀಟರು ದೂರದ ಹಿರಿಯೂರು.

ಈ 40 ನನ್ನ ತಲೆ ಕೆಡಿಸಿತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೇರಿದ ಟ್ರಯಥ್ಲಾನ್ ಪಂದ್ಯದಲ್ಲಿಯೂ ಸೈಕಲ್ಲಿನ ದೂರ ಅಷ್ಟೇ. ಅದಕ್ಕೆ ಮುನ್ನ 1.5 ಕಿಲೋಮೀಟರು ಈಜು, ಅದರ ಬೆನ್ನಿಗೇ 10 ಕಿಲೋಮೀಟರು ಓಟ.

ಆಸೆ ಚಿಗುರಿತು, ಎಡವಿದ್ದೂ ಅಲ್ಲಿಯೇ. ಹೃದಯ, ಶ್ವಾಸಕೋಶಗಳು ಕೆಲವು ವಾರಗಳಲ್ಲಿ ಚೇತರಿಸಿಕೊಂಡರೆ ಎಲುಬು, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಸೈಕಲ್ ಮೈಭಾರವನ್ನು ತಾನೇ ಹೊರುತ್ತದೆ. ಉಸಿರನ್ನು ಬೆಳೆಸುತ್ತದೆ, ಆದರೆ ನೆಲದ ಪೆಟ್ಟನ್ನು ತಾಳಲು ಕಾಲಿಗೆ ಕಲಿಸುವುದಿಲ್ಲ. ಒಂದು ಭಾನುವಾರ ಹೊಸದುರ್ಗ ತಲಪಿ, ಸೈಕಲ್ಲಿನಿಂದ ಇಳಿದವನೇ 6 ಕಿಲೋಮೀಟರು ಓಡಿಬಿಟ್ಟೆ. ಉಸಿರು ಸಲೀಸಾಗಿತ್ತು. ಮೊಣಕಾಲಿನ ಕೆಳಗಿನ ಎಲುಬು ಮಾತ್ರ ಮೂರು ವಾರ ಮನೆಯಲ್ಲಿ ಕೂರಿಸಿತು. ಮನೆಯಾಕೆ ಏನೂ ಹೇಳಲಿಲ್ಲ, ನಕ್ಕಳಷ್ಟೆ.

ಈಗ ದಿನ ಬಿಟ್ಟು ದಿನ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ನಡುವಿನ ದಿನಗಳಲ್ಲಿ ಸೈಕಲ್. ಈಜು ಬಾಕಿಯಿದೆ. ವಾಣಿವಿಲಾಸ ಸಾಗರವು 89 ವರ್ಷಗಳ ತರುವಾಯ 2022ರಲ್ಲಿ ಕೋಡಿ ಬಿದ್ದಾಗ ದಂಡೆಯಲ್ಲಿ ನಿಂತು ನೋಡಿ ಬಂದವನು ನಾನು. ಈಜುಕೊಳದಲ್ಲಿ ಹನ್ನೆರಡರ ಮಗಳೇ ಗುರು. ಕಳೆದ ವಾರ ಒಮ್ಮೆ ಅಡ್ಡ ದಾಟಿದೆ.