ಹಾಳೆ, ಹೊಟ್ಟು ಮತ್ತು ಕರಲು ಮಣ್ಣು

ಹೊಸ ವಸ್ತು ಎಂದರೆ ದೊಡ್ಡ ಪ್ರಯೋಗಾಲಯದಲ್ಲಿ ಹುಟ್ಟುವಂಥದ್ದು ಎಂಬ ಕಲ್ಪನೆ ಸಾಮಾನ್ಯ. ವಿಮಾನಕ್ಕೆ ಬಳಸುವ ಇಂಗಾಲದ ನಾರು, ಗಗನಚುಂಬಿ ಕಟ್ಟಡಗಳ ಶಾಖ ತಡೆಯುವ ಗಾಜು ಇಂಥವೇ ಕಣ್ಣ ಮುಂದೆ ಬರುತ್ತವೆ. ಆದರೆ ಕಾಲಡಿಯಲ್ಲೇ ಬಿದ್ದಿದ್ದ ವಸ್ತುವಿನ ಗುಣ ಅರಿತು ಅದಕ್ಕೆ ಹೊಸ ಕೆಲಸ ಒಪ್ಪಿಸಿದಾಗಲೂ ಅದು ಹೊಸದಾಗುತ್ತದೆ. ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳು ಇದಕ್ಕೆ ಉದಾಹರಣೆ.

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಜಗಳೂರು ಚಿತ್ರದುರ್ಗದಿಂದಲೂ, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರ್ಪಟ್ಟ ತಾಲ್ಲೂಕು. ಜಗಳೂರಿನದು ಮಳೆಗಾಗಿ ಮುಗಿಲು ನೋಡುವ ಬಯಲು. ಹೊನ್ನಾಳಿ, ನ್ಯಾಮತಿ ಕಡೆ ಭತ್ತದ ಗದ್ದೆಗಳು. ಚನ್ನಗಿರಿ ಎಂದರೆ ಅಡಿಕೆ. ನೆಲ ಬೇರೆಯಾದಂತೆ ಅಲ್ಲಿ ಕೈಗೆ ಸಿಗುವ ವಸ್ತುವೂ ಬೇರೆ.

ನೀರು ಇಳಿಸದ ಮಣ್ಣು

ಜಗಳೂರು, ಚಿತ್ರದುರ್ಗ, ಬಳ್ಳಾರಿ ಸೀಮೆಯ ಹಳೆಯ ಮಾಳಿಗೆ ಮನೆಗಳ ಚಾವಣಿಗೆ ಹೆಂಚಿಲ್ಲ. ತೊಲೆ, ಜಂತೆಗಳ ಮೇಲೆ ಸೊಪ್ಪು ಹಾಸಿ, ದಪ್ಪನಾಗಿ ಮಣ್ಣು ಹೇರಿ, ಎಲ್ಲಕ್ಕೂ ಮೇಲೆ ಕರಲು ಮಣ್ಣು ಹರಡುತ್ತಿದ್ದರು. ಮಳೆಗಾಲಕ್ಕೆ ಮುನ್ನ ಹೊಸ ಕರಲು ಹಾಕುವುದು ಮನೆಮನೆಯ ಕೆಲಸವಾಗಿತ್ತು.

ಮಣ್ಣಿನ ಚಾವಣಿ ಸೋರುತ್ತಿರಲಿಲ್ಲವೇ? ಗುಟ್ಟು ಇರುವುದು ಕರಲಿನ ಸೋಡಿಯಂನಲ್ಲಿ. ನೀರು ತಾಗಿದಾಗ ಈ ಮಣ್ಣಿನ ಜೇಡಿ ಕಣಗಳು ಉಬ್ಬಿ, ಒಂದರಿಂದೊಂದು ಬಿಡಿಯಾಗಿ, ಸಣ್ಣ ರಂಧ್ರಗಳಲ್ಲಿ ತುಂಬಿಕೊಳ್ಳುತ್ತವೆ. ಮೇಲ್ಪದರ ಮುಚ್ಚಿಹೋಗಿ ನೀರು ಕೆಳಗಿಳಿಯದೆ ಹರಿದುಹೋಗುತ್ತದೆ. ಹೊಲದಲ್ಲಿ ಬೇರಿಗೆ ನೀರು, ಗಾಳಿ ಸಿಗದಂತೆ ಮಾಡುವುದೂ ಇದೇ ಗುಣ. ಬೆಳೆಗೆ ಶತ್ರುವಾದ ಮಣ್ಣು ಮನೆಗೆ ಮಿತ್ರನಾಯಿತು.

ದಪ್ಪ ಮಣ್ಣಿನ ಚಾವಣಿ ಬೇಸಿಗೆಯ ಬಿಸಿಲನ್ನೂ ತಡೆಯುತ್ತಿತ್ತು. ಆದರೆ ಅದರ ಭಾರ ಹೆಚ್ಚು, ದುರಸ್ತಿ ಪ್ರತಿ ವರ್ಷದ್ದು, ತೊಲೆಗೆ ಗೆದ್ದಲಿನ ಕಾಟ. ಹೀಗಾಗಿ ಆರ್‌ಸಿಸಿ ಗೆದ್ದಿತು. ಹಗಲೆಲ್ಲ ಕಾದ ತೆಳು ಕಾಂಕ್ರೀಟು ರಾತ್ರಿ ಆ ಕಾವನ್ನು ಮನೆಯೊಳಗೆ ಬಿಡುತ್ತದೆಂಬುದು ಆಮೇಲೆ ತಿಳಿದ ಪಾಠ.

ಮಣ್ಣಿಗೆ ಮರುಜೀವ ಕೊಡುವ ಪ್ರಯತ್ನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು. ಅಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ಹಳ್ಳಿಗೆ ಹೊಂದುವ ತಂತ್ರಜ್ಞಾನವನ್ನೇ ಗುರಿಯಾಗಿಸಿಕೊಂಡಿತ್ತು. ಮಣ್ಣಿಗೆ ಶೇ 5ರಿಂದ 8ರಷ್ಟು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ನೀರುಣಿಸಿ ಗಟ್ಟಿ ಮಾಡುವ ಇಟ್ಟಿಗೆಯನ್ನು ಅದು ಬಳಕೆಗೆ ತಂದಿತು. ಇದನ್ನು ಸುಡಬೇಕಿಲ್ಲ; ಸೌದೆ ಉಳಿಯಿತು.

ಹೊಟ್ಟಿನೊಳಗಿನ ಸಿಮೆಂಟು

ಹೊನ್ನಾಳಿ, ನ್ಯಾಮತಿ ಕಡೆಯ ಭತ್ತಕ್ಕೂ ಇಂಥದೇ ಕಥೆಯಿದೆ. ನೂರು ಕಿಲೊ ಭತ್ತ ಕುಟ್ಟಿದರೆ ಸುಮಾರು ಇಪ್ಪತ್ತು ಕಿಲೊ ಹೊಟ್ಟು. ಅದನ್ನು ಸುಟ್ಟರೆ ಉಳಿಯುವ ಬೂದಿ ಸುಮಾರು ನಾಲ್ಕು ಕಿಲೊ. ದನ ತಿನ್ನಲೊಲ್ಲದ ಈ ಹೊಟ್ಟು ಹೆಚ್ಚಾಗಿ ಒಲೆಗೆ, ಗಿರಣಿಯ ಬಾಯ್ಲರಿಗೆ, ಇಟ್ಟಿಗೆ ಗೂಡಿಗೆ ಹೋಗುತ್ತದೆ.

ಬೂದಿಯ ಬಹುಪಾಲು ಸಿಲಿಕಾ. ಉಮಿ ಸುಟ್ಟ ಕರಿಯಿಂದ ಹಲ್ಲುಜ್ಜುತ್ತಿದ್ದವರಿಗೆ ಅದರ ಒರಟುತನ ಗೊತ್ತಿತ್ತು. ಉಷ್ಣತೆ ಸುಮಾರು 700 ಡಿಗ್ರಿ ಸೆಲ್ಸಿಯಸ್ ಮೀರದಂತೆ ಸುಟ್ಟರೆ ಈ ಸಿಲಿಕಾ ಚುರುಕಾಗಿರುತ್ತದೆ. ಸುಣ್ಣ, ನೀರಿನೊಡನೆ ಬೆರೆತು ಕಲ್ಲಿನಂತೆ ಗಟ್ಟಿಯಾಗುತ್ತದೆ. ಕಾವು ಮೀರಿದರೆ ಹರಳುಗಟ್ಟಿ ಜಡವಾಗುತ್ತದೆ. ಬೂದಿ-ಸುಣ್ಣದ ಸಿಮೆಂಟು ನಿಧಾನವಾಗಿ ಬಲಗೊಳ್ಳುತ್ತದೆ. ಆರ್‌ಸಿಸಿಗೆ ಒಗ್ಗದಿದ್ದರೂ ಗೋಡೆ ಕಟ್ಟುವ ಗಾರೆಗೆ, ಗಿಲಾವಿಗೆ ಸಾಕು. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಶೇ 7-8ರಷ್ಟು ಸಿಮೆಂಟು ಉದ್ಯಮದ್ದು ಎಂಬುದನ್ನು ನೆನೆದರೆ ಈ ಬೂದಿಯ ಬೆಲೆ ತಿಳಿಯುತ್ತದೆ.

ತಟ್ಟೆಯಾದ ಹಾಳೆ

ಒಂದು ಅಡಿಕೆ ಮರ ವರ್ಷಕ್ಕೆ ಐದಾರು ಹಾಳೆ ಕಳಚುತ್ತದೆ. ಮಳೆಗೆ ಟೋಪಿ, ತೋಟದ ಆಳುಗಳ ಊಟಕ್ಕೆ ತಟ್ಟೆ, ದನಕ್ಕೆ ಮೇವು ಎಂದು ಅಡಿಕೆ ಸೀಮೆ ಅದನ್ನು ಹಿಂದಿನಿಂದಲೂ ಬಳಸುತ್ತ ಬಂದಿದೆ. ಯಂತ್ರ ಬಂದ ಮೇಲೆ ಹಾಳೆ ಮಾರುಕಟ್ಟೆಯ ಸರಕಾಯಿತು. ತೊಳೆದು ನೆನೆಸಿದ ಹಾಳೆಯನ್ನು ಬಿಸಿ ಅಚ್ಚಿನಲ್ಲಿಟ್ಟು ಒತ್ತುತ್ತಾರೆ. ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಶ ಶಾಖಕ್ಕೆ ಮೆತ್ತಗಾಗಿ, ಆರಿದಾಗ ಅಚ್ಚಿನ ಆಕಾರದಲ್ಲೇ ಬಿಗಿಯುತ್ತದೆ. ಅಂಟು ಬೇಕಿಲ್ಲ, ಬಣ್ಣ ಬೇಕಿಲ್ಲ. ಬಿಸಾಡಿದರೆ ಮಣ್ಣಾಗುತ್ತದೆ.

ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಇಂಥ ನಿಷೇಧ ಜಾರಿಯಾಯಿತು. ಮದುವೆ ಮನೆಯಿಂದ ವಿದೇಶದ ಹೋಟೆಲಿನವರೆಗೆ ಹಾಳೆ ತಟ್ಟೆಗೆ ದಾರಿ ತೆರೆಯಿತು.

ಅಡಿಕೆ ಸಿಪ್ಪೆಗೆ ಅಂಥ ಯೋಗ ಬಂದಿಲ್ಲ. ಹಸಿ ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯದೇ. ಸುಲಿತದ ಕಾಲದಲ್ಲಿ ಅದು ರಸ್ತೆ ಬದಿಯಲ್ಲಿ ರಾಶಿ ಬಿದ್ದು, ಬೆಂಕಿ ಹತ್ತಿ, ಹೊಗೆಯಾಡುತ್ತದೆ. ಅದರ ನಾರಿನಿಂದ ಹಲಗೆ ಮಾಡಬಹುದೆಂದು ಪ್ರಯೋಗಗಳು ತೋರಿಸಿವೆ.

ಪರೀಕ್ಷೆಯ ಕಾಲ

ಹಾಳೆ ತಟ್ಟೆಯ ಓಟಕ್ಕೆ 2025ರಲ್ಲಿ ತಡೆ ಬಿತ್ತು. ಅಡಿಕೆ ಮರದಲ್ಲಿ ಸಹಜವಾಗಿರುವ ಅರೆಕೋಲಿನ್‌ನಂಥ ಕ್ಷಾರಾಂಶಗಳು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೇಳಿತು. ಈ ತಟ್ಟೆಗಳಲ್ಲಿ ಆಹಾರ ಬಡಿಸಲು ತನ್ನ ಕಾನೂನಿನಲ್ಲಿ ಅನುಮತಿಯಿಲ್ಲ ಎಂದೂ ಸಾರಿತು. ಸಾಲ ಮಾಡಿ ಯಂತ್ರ ಹಾಕಿದವರಿಗೆ, ಹಾಳೆ ಆಯ್ದು ಮಾರುವ ಕೂಲಿಯವರಿಗೆ ಇದು ಸಣ್ಣ ಮಾತಲ್ಲ.

'ನಮ್ಮ ಹಿರಿಯರು ಉಂಡಿಲ್ಲವೇ' ಎಂಬ ಮಾತು ಇದಕ್ಕೆ ಉತ್ತರವಾಗಲಾರದು. ಬಿಸಿ ಸಾರು, ಹುಳಿ, ಎಣ್ಣೆ ಬಿದ್ದಾಗ ತಟ್ಟೆಯಿಂದ ಏನು, ಎಷ್ಟು ಇಳಿಯುತ್ತದೆಂದು ಅಳೆಯಬೇಕು. ಅಳತೆ ತಟ್ಟೆಯ ಪರವಾದರೆ ಮಾರುಕಟ್ಟೆ ಮತ್ತೆ ತೆರೆಯಬಹುದು. ವಿರುದ್ಧವಾದರೂ ಹಾಳೆ ವ್ಯರ್ಥವಲ್ಲ. ಊಟಕ್ಕೆ ತಾಗದ ಪೆಟ್ಟಿಗೆ, ಪೊಟ್ಟಣಗಳಿಗೂ ಅದು ಒದಗುತ್ತದೆ.

ವಸ್ತುವಿನ ಗುಣವನ್ನು ರೈತರು, ಮನೆ ಕಟ್ಟುವವರು ಅನುಭವದಿಂದ ಕಂಡುಕೊಂಡರು. ಆಕಾರವನ್ನು ಯಂತ್ರ ಕೊಟ್ಟಿತು. ಇನ್ನು ಬೇಕಾಗಿರುವುದು ಪುರಾವೆ. ಅದೊಂದು ದೊರೆತರೆ ತೋಟದಲ್ಲಿ ಬಿದ್ದ ಹಾಳೆಗೂ ಇಂಗಾಲದ ನಾರಿನ ಪಕ್ಕದಲ್ಲಿ ಜಾಗ ಸಿಗುತ್ತದೆ.